ವೇಕ್‌ಬೋರ್ಡಿಂಗ್‌ಗೆ ಹಳೆಯ ದೋಣಿ ಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು: ಹಾಸನ ಮತ್ತು ಚಿಕ್ಕಮಗಳೂರಿನ ಹಿನ್ನೀರುಗಳಿಗೆ ಒಪ್ಪುವಂತೆ

ಹಾಸನ, ಬೇಲೂರು, ಚಿಕ್ಕಮಗಳೂರಿನ ಕಡೆ ಹೋಂಸ್ಟೇ ನಡೆಸುವವರು ಮತ್ತು ನೀರಿನ ಆಟಗಳತ್ತ ಮನಸ್ಸು ಹರಿಸಿದ ಯುವಕ ಯುವತಿಯರು ನಮ್ಮ ಗೆಳೆಯರ ಗುಂಪನ್ನು ಮತ್ತೆ ಮತ್ತೆ ವಿಚಾರಿಸುವುದು ಒಂದೇ ವಿಷಯ: ಕೈಗೆಟಕುವ ಬೆಲೆಗೆ ಒಂದು ಹಳೆಯ ಮೋಟಾರು ದೋಣಿ ಸಿಕ್ಕರೆ ವೇಕ್‌ಬೋರ್ಡಿಂಗ್ ಆರಂಭಿಸಬಹುದೇ ಎಂಬುದು. ಆರಂಭಿಸಬಹುದು. ಆದರೆ ಹೊಳೆಯುವ ಬಣ್ಣಕ್ಕೆ ಮರುಳಾಗದೆ, ಎಂಜಿನ್ನಿನ ಕಸುವಿಗೂ ದೋಣಿಯ ಹಿಂಬದಿಯ ಗಟ್ಟಿತನಕ್ಕೂ ಮಾತ್ರ ಹಣ ಕೊಡುವ ತಾಳ್ಮೆ ಇರಬೇಕು. ನಾವು ಕಲಿತದ್ದನ್ನು, ಕೆಲವನ್ನು ನಷ್ಟ ಮಾಡಿಕೊಂಡೇ ಕಲಿತದ್ದನ್ನು, ಇಲ್ಲಿ ಒಟ್ಟುಗೂಡಿಸಿದ್ದೇವೆ.

ವೇಕ್‌ಬೋರ್ಡಿಂಗ್‌ನಲ್ಲಿ ದೋಣಿಯ ಕೆಲಸವೇನು?

ಸವಾರನು ಎರಡೂ ಪಾದಗಳನ್ನು ಹಲಗೆಗೆ ಬಿಗಿದುಕೊಂಡು, ಪಕ್ಕಕ್ಕೆ ತಿರುಗಿ ನಿಂತು, ಸುಮಾರು 18ರಿಂದ 22 ಮೀಟರ್ ಉದ್ದದ ಹಗ್ಗದ ಹಿಡಿಯನ್ನು ಹಿಡಿದು ದೋಣಿಯ ಹಿಂದೆ ಸಾಗುತ್ತಾನೆ. ದೋಣಿ ಓಡುವಾಗ ಹಿಂದೆ ಎರಡು ಏಣುಗಳಂತೆ ಏಳುವ ಅಲೆಯೇ ಅವನಿಗೆ ಜಿಗಿಯುವ ದಿಬ್ಬ. ಹೊಸಬರಿಗೆ ಗಂಟೆಗೆ 25ರಿಂದ 28 ಕಿಲೋಮೀಟರ್ ವೇಗ ಸಾಕು. ಪಳಗಿದವರು 30ರಿಂದ 36ರವರೆಗೆ ಹೋಗುತ್ತಾರೆ. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ದೋಣಿ ಎಷ್ಟು ಜೋರಾಗಿ ಓಡುತ್ತದೆ ಎಂಬುದು ಇಲ್ಲಿ ಮುಖ್ಯವಲ್ಲ. ಕೆಸರಿನಲ್ಲಿ ಹೂತ ಗಾಡಿಯನ್ನು ಎಬ್ಬಿಸುವ ಎತ್ತಿಗೆ ಓಟ ಬೇಕಿಲ್ಲ, ಮೊದಲ ಎಳೆತದ ಕಸುವು ಬೇಕು. ನೀರಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತ ಸವಾರನನ್ನು ಮೇಲಕ್ಕೆಬ್ಬಿಸುವ ದೋಣಿಗೂ ಬೇಕಾದುದು ಅದೇ.

ಮೊದಲು ದೋಣಿ ನೋಡಬೇಕೇ, ನೀರು ನೋಡಬೇಕೇ?

ಮೊದಲು ನೀರು, ಅದರ ಜೊತೆಯಲ್ಲೇ ಅನುಮತಿ. ನಮ್ಮ ಜಲಾಶಯಗಳು ಯಾರು ಬೇಕಾದರೂ ದೋಣಿ ಇಳಿಸುವ ಬಯಲುಗಳಲ್ಲ. ಗೊರೂರಿನ ಹೇಮಾವತಿ ಮತ್ತು ಬೇಲೂರಿನ ಯಗಚಿ ಜಲಾಶಯಗಳು ಕಾವೇರಿ ನೀರಾವರಿ ನಿಗಮದ ಅಧೀನದಲ್ಲಿವೆ. ಲಕ್ಕವಳ್ಳಿಯ ಭದ್ರಾ ಜಲಾಶಯ ಕರ್ನಾಟಕ ನೀರಾವರಿ ನಿಗಮದ್ದು. ಯಗಚಿಯಲ್ಲಿ ಜಲಕ್ರೀಡೆ ನಡೆದು ಬಂದಿರುವುದರಿಂದ ಅಲ್ಲಿಯ ಜನರಿಗೂ ಅಧಿಕಾರಿಗಳಿಗೂ ಇದು ಹೊಸ ಸಂಗತಿಯಲ್ಲ. ಆದರೂ ಖಾಸಗಿ ದೋಣಿಯನ್ನು ಇಳಿಸಲು ಲಿಖಿತ ಅನುಮತಿ ಬೇಕೇ ಬೇಕು. ಭದ್ರಾ ಹಿನ್ನೀರಿನ ಬಹುಭಾಗ ಹುಲಿ ಸಂರಕ್ಷಿತ ಪ್ರದೇಶಕ್ಕೆ ಹೊಂದಿಕೊಂಡಿದೆ. ಬೇಸಿಗೆಯಲ್ಲಿ ನೀರು ಇಳಿದಂತೆ ತಲೆಯೆತ್ತುವ ನಡುಗಡ್ಡೆಗಳ ಬರಿನೆಲದ ಮೇಲೆ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುತ್ತವೆ. ಒಂದು ದೋಣಿಯ ಅಲೆ ಅಂಥ ಗೂಡನ್ನು ಕೊಚ್ಚಿಕೊಂಡು ಹೋಗಬಲ್ಲದು. ಆದ್ದರಿಂದ ಅನುಮತಿಯ ಮಾತು ಹಾಗಿರಲಿ, ಅಲ್ಲಿ ವೇಕ್‌ಬೋರ್ಡಿಂಗ್ ಬೇಡವೆಂಬುದೇ ನಮ್ಮ ಖಚಿತ ಅಭಿಪ್ರಾಯ. ಚಿಕ್ಕಮಗಳೂರಿಗೆ ಕುಡಿಯುವ ನೀರು ಕೊಡುವ ಹಿರೇಕೊಳಲೆ ಕೆರೆಗೂ ಪೆಟ್ರೋಲ್ ಎಂಜಿನ್ ಒಯ್ಯಬಾರದು.

ಖಾಸಗಿ ಜಮೀನಿನ ಕೆರೆಯಿದ್ದರೆ ಅನುಮತಿಯ ತೊಡಕು ಕಡಿಮೆ. ಆದರೆ ಕಾಫಿ ತೋಟದ ಕೆರೆಗಳು ಸಾಮಾನ್ಯವಾಗಿ ಚಿಕ್ಕವು. ಸವಾರ ಎದ್ದು ನಿಂತು, ಒಂದಿಷ್ಟು ದೂರ ಸಾಗಿ, ದೋಣಿ ಸಾವಕಾಶವಾಗಿ ತಿರುಗಬೇಕಾದರೆ ಕನಿಷ್ಠ ಅರ್ಧ ಕಿಲೋಮೀಟರ್ ಉದ್ದದ ನೇರ ನೀರು ಬೇಕು.

ಯಾವ ಬಗೆಯ ದೋಣಿ ಕೊಳ್ಳುವುದು ಒಳ್ಳೆಯದು?

ಅಮೆರಿಕದಲ್ಲಿ ಮಾಸ್ಟರ್‌ಕ್ರಾಫ್ಟ್, ಮಲಿಬು, ನಾಟಿಕ್ ಮುಂತಾದ ಕಂಪನಿಗಳು ಈ ಆಟಕ್ಕೆಂದೇ ದೋಣಿ ಕಟ್ಟುತ್ತವೆ. ಅವುಗಳಲ್ಲಿ ಎಂಜಿನ್ ದೋಣಿಯ ಒಳಗಿರುತ್ತದೆ, ಪ್ರೊಪೆಲರ್ ದೋಣಿಯ ತಳದ ಕೆಳಗೆ ಇರುತ್ತದೆ. ಅಂಥ ದೋಣಿ ಇಲ್ಲಿ ಕಡಿಮೆ ಬೆಲೆಗೆ ಸಿಗುವುದಿಲ್ಲ. ಎಲ್ಲಿಂದಲೋ ಸಿಕ್ಕರೂ ಅದರ ಬಿಡಿಭಾಗಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ನಮ್ಮ ಸಲಹೆ 15ರಿಂದ 18 ಅಡಿಯ ಫೈಬರ್ ದೋಣಿ, ಹಿಂಬದಿಗೆ ತೂಗುಹಾಕಿದ 60ರಿಂದ 90 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್. ಯಮಹಾ, ಸುಜುಕಿ, ಮರ್ಕ್ಯುರಿಯಂಥ ಎಂಜಿನ್‌ಗಳನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್‌ಗಳು ಮಂಗಳೂರು, ಮಲ್ಪೆಗಳಲ್ಲಿ ಸಿಗುತ್ತಾರೆ. 40 ಅಶ್ವಶಕ್ತಿಯ ಎಂಜಿನ್ ಹಗುರ ಮೈಯ ಹೊಸಬರನ್ನು ಎಳೆಯಬಹುದು. ಆದರೆ ದೋಣಿಯಲ್ಲಿ ಮೂವರು ಕುಳಿತ ಮೇಲೆ ಅದು ಏದುಸಿರು ಬಿಡುತ್ತದೆ.

ಮೂರು ಆಸನದ ಜೆಟ್ ಸ್ಕೀ ಕೂಡ ಎಳೆಯಬಲ್ಲದು. ಅಲೆ ಸಣ್ಣದು, ಕಲಿಕೆಗೆ ಅಷ್ಟು ಸಾಕು.

ಸಮುದ್ರಮಟ್ಟದಲ್ಲಿ ಚೆನ್ನಾಗಿ ಓಡಿದ ದೋಣಿ ಇಲ್ಲಿ ಏಕೆ ಸೊರಗುತ್ತದೆ?

ಗಾಳಿ ತೆಳುವಾಗುವುದರಿಂದ. ಹೇಮಾವತಿ ಜಲಾಶಯದ ಪೂರ್ಣ ಮಟ್ಟವೇ ಸಮುದ್ರಮಟ್ಟದಿಂದ 2,922 ಅಡಿ ಎತ್ತರದಲ್ಲಿದೆ, ಬೇಲೂರು ಚಿಕ್ಕಮಗಳೂರುಗಳು ಅದಕ್ಕಿಂತಲೂ ಮೇಲಿವೆ. ಪೆಟ್ರೋಲ್ ಎಂಜಿನ್ ಪ್ರತಿ ಸಾವಿರ ಅಡಿ ಏರಿದಂತೆ ಸುಮಾರು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮಂಗಳೂರಿನ 60 ಅಶ್ವಶಕ್ತಿ ಗೊರೂರಿಗೆ ಬರುವ ಹೊತ್ತಿಗೆ ಸುಮಾರು 55 ಆಗಿರುತ್ತದೆ ಎಂದಿಟ್ಟುಕೊಳ್ಳಿ.

ಇದನ್ನು ನಾವು ಪುಸ್ತಕ ಓದಿ ತಿಳಿದವರಲ್ಲ. ನಮ್ಮ ಮೊದಲ ದೋಣಿಯನ್ನು ಕರಾವಳಿಯ ಅಳಿವೆಯೊಂದರಲ್ಲಿ ಪರೀಕ್ಷಿಸಿದಾಗ ಅದು ಎಪ್ಪತ್ತೈದು ಕಿಲೋ ತೂಕದ ಗೆಳೆಯನನ್ನು ನಾಲ್ಕೇ ಸೆಕೆಂಡಿನಲ್ಲಿ ನೀರಿನಿಂದ ಎಬ್ಬಿಸಿತ್ತು. ಘಟ್ಟ ಹತ್ತಿಸಿ ತಂದು ಹಿನ್ನೀರಿಗಿಳಿಸಿದರೆ ಅದೇ ಎಂಜಿನ್ ಗೊರಗೊರ ಎನ್ನುತ್ತಾ ಮೂತಿಯನ್ನು ಆಕಾಶಕ್ಕೆತ್ತಿ ನಿಂತಿತು. ಹಗ್ಗದ ತುದಿಯಲ್ಲಿದ್ದ ಗೆಳೆಯ ನೀರು ಕುಡಿದು ಹಿಡಿ ಬಿಟ್ಟ. ಮಾರಿದವರನ್ನು ಎರಡು ದಿನ ಮನಸಾರೆ ಬೈದೆವು, ಅದು ಅನ್ಯಾಯವಾಗಿತ್ತು. ದೋಷವಿದ್ದುದು ಪ್ರೊಪೆಲರಿನ ಪಿಚ್‌ನಲ್ಲಿ. ಪಿಚ್ ಎಂದರೆ ಪ್ರೊಪೆಲರ್ ಒಂದು ಸುತ್ತಿಗೆ ಎಷ್ಟು ಅಂಗುಲ ಮುಂದೆ ಸಾಗಬೇಕು ಎಂಬ ಲೆಕ್ಕ. 15 ಅಂಗುಲ ಪಿಚ್‌ನದನ್ನು ತೆಗೆದು 13 ಅಂಗುಲದ್ದು ಹಾಕಿದ ಮೇಲೆ ಅದೇ ಗೆಳೆಯ ಮೊದಲ ಎಳೆತಕ್ಕೇ ಎದ್ದು ನಿಂತ. ಪಿಚ್ ಒಂದು ಅಂಗುಲ ಇಳಿದರೆ ಎಂಜಿನ್ ನಿಮಿಷಕ್ಕೆ 150ರಿಂದ 200 ಸುತ್ತು ಹೆಚ್ಚು ತಿರುಗುತ್ತದೆ. ಗರಿಷ್ಠ ವೇಗ ತುಸು ಕಡಿಮೆಯಾಗುತ್ತದೆ, ಆದರೆ ಈ ಆಟಕ್ಕೆ ಅದರಿಂದ ನಷ್ಟವಿಲ್ಲ. ದೋಣಿಯ ಬೆಲೆ ಮಾತಾಡುವಾಗಲೇ ಕಡಿಮೆ ಪಿಚ್‌ನ ಇನ್ನೊಂದು ಪ್ರೊಪೆಲರನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಹಳೆಯ ದೋಣಿಗಳು ಎಲ್ಲಿಂದ ಬರುತ್ತವೆ?

ಹೆಚ್ಚಾಗಿ ಮಂಗಳೂರು, ಉಡುಪಿ, ಗೋವಾ, ಕೇರಳದ ಕಡೆಯಿಂದ. ಕೆಲವೊಮ್ಮೆ ವ್ಯಾಪಾರ ನಿಲ್ಲಿಸಿದ ರೆಸಾರ್ಟ್‌ಗಳಿಂದ. ಕರಾವಳಿಯ ನಾಡದೋಣಿಗಳಿಂದ ಕಳಚಿದ ಸೀಮೆಎಣ್ಣೆ ಎಂಜಿನ್‌ಗಳು ಅಗ್ಗವಾಗಿ ಸಿಗುತ್ತವೆಂದು ಆಸೆಪಡಬೇಡಿ. ಅವು ಮೀನುಗಾರರ ದುಡಿಮೆಗೆಂದು ಮಾಡಿದ ಎಂಜಿನ್‌ಗಳು, ಮಾರಾಟಕ್ಕೆ ಬರುವ ಹೊತ್ತಿಗೆ ಸಾವಿರಾರು ಗಂಟೆ ದುಡಿದಿರುತ್ತವೆ, ತಟ್ಟನೆ ಎಳೆಯುವ ಕೆಲಸಕ್ಕೆ ಒಗ್ಗುವುದಿಲ್ಲ.

ಉಪ್ಪುನೀರಿನಲ್ಲಿ ಓಡಿದ ಎಂಜಿನ್ನನ್ನು ತಳ್ಳಿಹಾಕಬೇಕಿಲ್ಲ, ಪ್ರತಿ ಸಲವೂ ಸಿಹಿನೀರಿನಲ್ಲಿ ತೊಳೆದವರು ಇದ್ದಾರೆ. ಎಂಜಿನ್ನಿನ ಮೇಲ್ಮುಚ್ಚಳ ತೆಗೆದು ಬೋಲ್ಟುಗಳ ಬುಡದಲ್ಲಿ ಬಿಳಿಯ ಪುಡಿಯಿದೆಯೇ, ಬಣ್ಣ ಗುಳ್ಳೆಯೆದ್ದಿದೆಯೇ ನೋಡಿ. ತುಕ್ಕು ತಡೆಯಲು ನೀರಿನೊಳಗಿನ ಭಾಗಕ್ಕೆ ಕಟ್ಟುವ ಆನೋಡ್ ಎಂಬ ಲೋಹದ ತುಂಡು ಸಮುದ್ರದ ದೋಣಿಗಳಲ್ಲಿ ಸಾಮಾನ್ಯವಾಗಿ ಸತುವಿನದು. ಸಿಹಿನೀರಿಗೆ ತಂದ ಮೇಲೆ ಅದನ್ನು ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂ ತುಂಡಿಗೆ ಬದಲಿಸಬೇಕು.

ದೋಣಿಯ ಒಡಲನ್ನು ಪರೀಕ್ಷಿಸುವುದು ಹೇಗೆ?

ಹಲಸಿನ ಹಣ್ಣನ್ನು ತಟ್ಟಿ ನೋಡಿ ಬಲಿತಿದೆಯೇ ಎಂದು ಹೇಳುವ ಮಲೆನಾಡಿನವರಿಗೆ ಈ ಪರೀಕ್ಷೆ ಸುಲಭ. ಸ್ಕ್ರೂಡ್ರೈವರಿನ ಹಿಡಿಯಿಂದ ದೋಣಿಯ ಮೈಯನ್ನು ಗೇಣುಗೇಣಿಗೆ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಫೈಬರ್ ಟಣ್ ಎಂದು ಚುರುಕಾಗಿ ಮಾರ್ದನಿಸುತ್ತದೆ. ಒಳಗಿನ ಪ್ಲೈವುಡ್ ನೀರು ಕುಡಿದು ಕೊಳೆತಿದ್ದರೆ ಅಥವಾ ಪದರ ಬಿಟ್ಟಿದ್ದರೆ ದಬ್ ಎಂಬ ಸತ್ತ ಸದ್ದು ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕಳೆಯಬೇಕಾದದ್ದು ಎಂಜಿನ್ ತೂಗುವ ಹಿಂಬದಿಯ ಹಲಗೆಯ ಬಳಿ. ಅದನ್ನು ಟ್ರಾನ್ಸಮ್ ಎನ್ನುತ್ತಾರೆ. 60 ಅಶ್ವಶಕ್ತಿಯ ಫೋರ್ ಸ್ಟ್ರೋಕ್ ಎಂಜಿನ್ನೇ ಸುಮಾರು 110 ಕಿಲೋ ತೂಗುತ್ತದೆ. ಆ ಭಾರದ ಜೊತೆಗೆ ಎಂಜಿನ್ನಿನ ತಳ್ಳುವಿಕೆಯನ್ನೂ ಟ್ರಾನ್ಸಮ್ ಒಂದೇ ಹೊರಬೇಕು. ಎಂಜಿನ್ನನ್ನು ಓಡುವ ಸ್ಥಿತಿಗಿಂತ ತುಸು ಮೇಲಕ್ಕೆ ಬಾಗಿಸಿ, ಅದರ ಬುಡದ ಭಾಗವನ್ನು ಎರಡೂ ಕೈಗಳಿಂದ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಆಗ ಗೆಳೆಯರೊಬ್ಬರು ಟ್ರಾನ್ಸಮ್ಮಿನ ಮೇಲೆ ಕಣ್ಣಿಟ್ಟಿರಲಿ. ಹಲಗೆ ಒಂದು ಕೂದಲೆಳೆಯಷ್ಟು ಬಾಗಿದರೂ, ಬೋಲ್ಟಿನ ಸುತ್ತ ಕಂದು ನೀರು ಜಿನುಗಿದ ಕಲೆ ಕಂಡರೂ ಎದ್ದು ಬನ್ನಿ. ಒಮ್ಮೆ ಹೊಸದಾಗಿ ಬಿಳಿ ಬಣ್ಣ ಬಳಿದ ಚೆಲುವಾದ ದೋಣಿಯೊಂದರ ಬೋಲ್ಟನ್ನು ಒಡೆಯರ ಒಪ್ಪಿಗೆ ಪಡೆದು ಬಿಚ್ಚಿದೆವು. ತೂತಿನೊಳಗೆ ಬೆರಳು ಹಾಕಿದಾಗ ಉಗುರಿಗೆ ಅಂಟಿ ಬಂದದ್ದು ನೆನೆದ ಮರದ ಪುಡಿ, ಅದಕ್ಕೆ ಅಣಬೆಯ ವಾಸನೆ. ಟ್ರಾನ್ಸಮ್ಮನ್ನು ಹೊಸದಾಗಿ ಕಟ್ಟಿಸಬಹುದು, ಆದರೆ ಆ ವೆಚ್ಚ ಸೇರಿದ ಮೇಲೆ ಅಗ್ಗದ ದೋಣಿ ಅಗ್ಗದ್ದಾಗಿ ಉಳಿಯುವುದಿಲ್ಲ.

ನೆಲದ ಮೇಲೆ ನಡೆದಾಡಿ ನೋಡಿ. ಹಾಸಿಗೆಯಂತೆ ಕುಸಿಯುವ ನೆಲದ ಕೆಳಗಿನ ಉದ್ದ ತೊಲೆಗಳು ಕೊಳೆತಿರುವ ಸಾಧ್ಯತೆ ಹೆಚ್ಚು. ತೇಲಿಕೆಗೆಂದು ತುಂಬಿದ ಫೋಮ್ ನೀರು ಹೀರಿದ್ದರೆ ದೋಣಿ ಇರಬೇಕಾದದ್ದಕ್ಕಿಂತ ನೂರಾರು ಕಿಲೋ ಹೆಚ್ಚು ತೂಗಬಹುದು. ಟ್ರೇಲರ್ ಸಮೇತ ಹತ್ತಿರದ ವೇಬ್ರಿಜ್‌ನಲ್ಲಿ ಒಮ್ಮೆ ತೂಗಿಸಿ, ದೋಣಿ ಇಳಿಸಿದ ಟ್ರೇಲರನ್ನು ಮತ್ತೊಮ್ಮೆ ತೂಗಿಸಿದರೆ ಗುಟ್ಟು ತಾನಾಗಿ ಹೊರಬರುತ್ತದೆ.

ಎಂಜಿನ್ನಿನಲ್ಲಿ ಏನೇನು ನೋಡಬೇಕು?

ನೀವು ಹೋಗುವ ಹೊತ್ತಿಗೆ ಎಂಜಿನ್ ತಣ್ಣಗಿರಬೇಕೆಂದು ಮೊದಲೇ ಹೇಳಿರಿ, ಹೋದೊಡನೆ ಮುಟ್ಟಿ ನೋಡಿರಿ. ಬಿಸಿಯಾಗಿದ್ದರೆ ಅದನ್ನು ನಿಮಗಿಂತ ಮುಂಚೆ ಯಾರೋ ಓಡಿಸಿ ಇಟ್ಟಿದ್ದಾರೆಂದು ಅರ್ಥ. ತಣ್ಣಗಿರುವಾಗ ಹೇಗೆ ಹೊತ್ತಿಕೊಳ್ಳುತ್ತದೆಂಬುದೇ ನಿಮಗೆ ತಿಳಿಯಬೇಕಾದ ವಿಷಯ.

ಕೆಳಭಾಗದ ಗೇರ್ ಪೆಟ್ಟಿಗೆಯ ತಳದ ಸ್ಕ್ರೂವನ್ನು ಸಡಿಲಿಸಿ ಒಂದಿಷ್ಟು ಎಣ್ಣೆಯನ್ನು ಬಿಳಿಯ ಬಟ್ಟಲಿಗೆ ಇಳಿಸಿಕೊಳ್ಳಿ. ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ಸೀಲ್ ಹೋಗಿ ನೀರು ಒಳಸೇರಿದೆ. ಲೋಹದ ಸಣ್ಣ ಚೂರುಗಳು ಹೊಳೆದರೆ ಗೇರ್ ಸವೆದಿದೆ. ನಂತರ ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು ಪ್ರತಿ ಸಿಲಿಂಡರಿನ ಕಂಪ್ರೆಷನ್, ಅಂದರೆ ಒಳಗೆ ಕಟ್ಟುವ ಒತ್ತಡವನ್ನು ಅಳೆಯಿಸಿ. ಅಂಕಿ ಎಷ್ಟು ದೊಡ್ಡದೆಂಬುದಕ್ಕಿಂತ ಸಿಲಿಂಡರುಗಳ ನಡುವೆ ಎಷ್ಟು ವ್ಯತ್ಯಾಸವಿದೆ ಎಂಬುದು ಮುಖ್ಯ. ಅದು ಶೇಕಡಾ 10ರಿಂದ 15ಕ್ಕಿಂತ ಹೆಚ್ಚಿದ್ದರೆ ಎಂಜಿನ್ ಬಿಚ್ಚುವ ದಿನ ದೂರವಿಲ್ಲ.

ಎಂಜಿನ್ ಓಡುವಾಗ ಅದರ ಪಕ್ಕದ ಸಣ್ಣ ತೂತಿನಿಂದ ನೀರು ಒಂದೇ ಸಮನೆ ಚಿಮ್ಮುತ್ತಿರಬೇಕು. ತೊಟ್ಟಿಕ್ಕುತ್ತಿದ್ದರೆ ತಂಪು ಮಾಡುವ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಸವೆದಿದೆ, ಇಲ್ಲವೇ ದಾರಿಯಲ್ಲಿ ಉಪ್ಪು ಕಟ್ಟಿದೆ. ಇಂಪೆಲ್ಲರ್ ದುಬಾರಿ ವಸ್ತುವಲ್ಲ, ಹೇಗಿದ್ದರೂ ಕೊಂಡ ವಾರದಲ್ಲೇ ಅದನ್ನು ಬದಲಿಸಿಬಿಡಿ.

ನೀರಿಗಿಳಿಸಿ ನೋಡದೆ ಕೊಳ್ಳಬಹುದೇ?

ಕೊಳ್ಳಬಾರದು. ಹಲಗೆಯನ್ನೂ ಹಗ್ಗವನ್ನೂ ಜೊತೆಗೆ ಒಯ್ಯಿರಿ, ನಿಮ್ಮಲ್ಲೇ ಭಾರವಾದವರೊಬ್ಬರನ್ನು ಎಳೆಸಿ ನೋಡಿರಿ. ದೋಣಿಯಲ್ಲಿ ಮೂವರಿದ್ದು, ಪೆಟ್ರೋಲ್ ಟ್ಯಾಂಕ್ ತುಂಬಿರುವಾಗ, ಐದಾರು ಸೆಕೆಂಡಿನಲ್ಲಿ ದೋಣಿ ಮೂತಿ ಇಳಿಸಿ ಸಮತಟ್ಟಾಗಿ ಓಡತೊಡಗಬೇಕು. ಪೂರ್ಣ ವೇಗದಲ್ಲಿ ಎಂಜಿನ್ ಎಷ್ಟು ಸುತ್ತು ತಿರುಗುತ್ತದೆಂದು ಮೀಟರಿನಲ್ಲಿ ನೋಡಿ ಬರೆದುಕೊಳ್ಳಿ. ಊರಿಗೆ ತಂದ ಮೇಲೆ ಪಿಚ್ ಆರಿಸಲು ಆ ಸಂಖ್ಯೆಯೇ ಆಧಾರ.

ಕಾಗದಪತ್ರಗಳ ವಿಷಯವೇನು?

1917ರ ಒಳನಾಡು ಹಡಗು ಕಾಯ್ದೆಯ ಜಾಗಕ್ಕೆ ಈಗ 2021ರ ಒಳನಾಡು ಹಡಗು ಕಾಯ್ದೆ ಬಂದಿದೆ. ಅದರಡಿ ಯಂತ್ರದಿಂದ ಓಡುವ ದೋಣಿಗೆ ಸರ್ವೆ (ದೋಣಿಯ ತಪಾಸಣೆ) ಪ್ರಮಾಣಪತ್ರ, ನೋಂದಣಿ ಮತ್ತು ವಿಮೆ ಬೇಕು. ಮಾರುವವರ ಹೆಸರಿನಲ್ಲೇ ನೋಂದಣಿ ಇದೆಯೇ, ಎಂಜಿನ್ನಿನ ಕೊಂಡಿಯ ಮೇಲಿನ ಕ್ರಮಸಂಖ್ಯೆ ಬಿಲ್ಲಿನೊಂದಿಗೆ ತಾಳೆಯಾಗುತ್ತದೆಯೇ, ಆಮದಾದ ಎಂಜಿನ್ ಆದರೆ ಸುಂಕ ಕಟ್ಟಿದ ದಾಖಲೆ ಇದೆಯೇ ನೋಡಿ. ಕ್ರಮಸಂಖ್ಯೆಯ ಪಟ್ಟಿಯನ್ನು ಕೆರೆದು ಹಾಕಿದ್ದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಆ ಮಾತು ಅಲ್ಲಿಗೇ ಮುಗಿಯಬೇಕು. ದೋಣಿ ನಡೆಸುವವರು ತರಬೇತಿ ಪಡೆದಿರಲೇಬೇಕು; ಗೋವಾದಲ್ಲಿರುವ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ಮೋಟಾರು ದೋಣಿ ನಡೆಸುವುದಕ್ಕೂ ಜೀವರಕ್ಷಣೆಗೂ ತರಗತಿಗಳು ನಡೆಯುತ್ತವೆ.

ಹಣವನ್ನು ಹೇಗೆ ಹಂಚಿಕೊಳ್ಳಬೇಕು?

ಕೈಯಲ್ಲಿರುವುದನ್ನೆಲ್ಲ ದೋಣಿಗೇ ಸುರಿಯಬೇಡಿ. ನಮ್ಮ ಅನುಭವದಲ್ಲಿ ಕಾಲುಭಾಗವನ್ನು ಮೊದಲ ವರ್ಷದ ದುರಸ್ತಿಗೂ, ಇನ್ನೊಂದು ಪಾಲನ್ನು ಲೈಫ್ ಜಾಕೆಟ್, ಹೆಲ್ಮೆಟ್, ಹಗ್ಗ, ಅಗ್ನಿಶಾಮಕ ಸಿಲಿಂಡರುಗಳಿಗೂ ಎತ್ತಿಡಬೇಕು. ನಾಲ್ವರು ಸೇರಿ ಕೊಳ್ಳುವುದಾದರೆ ಯಾರ ಹೆಸರಿನಲ್ಲಿ ನೋಂದಣಿ, ಕೆಟ್ಟರೆ ಖರ್ಚು ಯಾರದು ಎಂಬುದನ್ನು ಛಾಪಾ ಕಾಗದದ ಮೇಲೆ ಬರೆದುಕೊಳ್ಳಿ. ಗೆಳೆತನ ಉಳಿಯಲು ಅದೂ ಒಂದು ದಾರಿ.

ಹಗ್ಗವನ್ನು ದೋಣಿಗೆ ಎಲ್ಲಿ ಕಟ್ಟಬೇಕು?

ಎಂಜಿನ್ನಿಗೆ ಎಂದಿಗೂ ಕಟ್ಟಬಾರದು, ದಡಕ್ಕೆ ಬಿಗಿಯುವ ಕೊಂಡಿಗೂ ಕಟ್ಟಬಾರದು. ಟ್ರಾನ್ಸಮ್ಮಿಗೆ ಹಿಂದಿನಿಂದ ಲೋಹದ ತಟ್ಟೆ ಕೊಟ್ಟು ಬಿಗಿದ ಎಳೆಯುವ ಕಣ್ಣುಗಳಿಗೆ, ಎರಡು ಕವಲಿನ ಹಗ್ಗ ಹಾಕಿ ಕಟ್ಟಬಹುದು. ನಡುವೆ ನಿಲ್ಲಿಸಿದ ಕಂಬ ಇನ್ನೂ ಉತ್ತಮ. ಹಗ್ಗ ಎತ್ತರದಿಂದ ಎಳೆದಷ್ಟೂ ಸವಾರನಿಗೆ ಏಳುವುದು ಸುಲಭ. ಲಾರಿಗೆ ಕಟ್ಟುವ ನೈಲಾನ್ ಹಗ್ಗ ಬೇಡವೇ ಬೇಡ, ಅದು ಹಿಗ್ಗಿ ತುಂಡಾದರೆ ಚಾಟಿಯಂತೆ ದೋಣಿಯಲ್ಲಿರುವವರ ಮುಖಕ್ಕೆ ಬಡಿಯುತ್ತದೆ. ಹಿಗ್ಗದ ವೇಕ್‌ಬೋರ್ಡ್ ಹಗ್ಗವನ್ನೇ ತರಿಸಿ.

ಇದೇ ದೋಣಿಯ ಹಿಂದೆ ವೇಕ್‌ಸರ್ಫಿಂಗ್ ಮಾಡಬಹುದೇ?

ಖಂಡಿತ ಕೂಡದು. ವೇಕ್‌ಸರ್ಫಿಂಗ್‌ನಲ್ಲಿ ಸವಾರ ಹಗ್ಗ ಬಿಟ್ಟು ಅಲೆಯ ಮೇಲೆ ಜಾರುತ್ತಾ ದೋಣಿಯ ಬೆನ್ನಿಗೇ ಇರುತ್ತಾನೆ, ಔಟ್‌ಬೋರ್ಡಿನ ಪ್ರೊಪೆಲರ್ ಕೂಡ ಅಲ್ಲೇ ತಿರುಗುತ್ತಿರುತ್ತದೆ.

ಘಟ್ಟದಲ್ಲಿ ದೋಣಿಯನ್ನು ತರುವುದು ಹೇಗೆ?

ಕರಾವಳಿಯಿಂದ ಶಿರಾಡಿ ಘಾಟಿಯ ಮೂಲಕ ಸಕಲೇಶಪುರಕ್ಕೆ ಬರುವ ದಾರಿಯೇ ವಾಡಿಕೆ. ಚಾರ್ಮಾಡಿಯ ತಿರುವುಗಳು ಉದ್ದದ ಟ್ರೇಲರಿಗೆ ಕಷ್ಟ. ಉಪ್ಪುನೀರಿಗೆ ಇಳಿದ ಟ್ರೇಲರಿನ ಚಕ್ರದ ಬೇರಿಂಗ್‌ಗಳು ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ತುಕ್ಕು ಹಿಡಿದಿರುತ್ತವೆ. ಹೊರಡುವ ಮುನ್ನ ಹೊಸ ಬೇರಿಂಗ್ ಹಾಕಿಸಿ, ಮೊದಲ ಇಪ್ಪತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಚಕ್ರದ ನಡುವಿನ ಹಬ್ಬನ್ನು ಮುಟ್ಟಿ ನೋಡಿ. ಕೈಯಿಡಲಾಗದಷ್ಟು ಸುಡುತ್ತಿದ್ದರೆ ಮುಂದೆ ಹೋಗಬೇಡಿ. ಟ್ರೇಲರ್ ನಂಬಿಕೆಗೆ ಯೋಗ್ಯವಲ್ಲವೆನಿಸಿದರೆ ಲಾರಿಯಲ್ಲಿ ಹೇರಿಸಿ ತರುವುದೇ ಲೇಸು.

ಯಾವ ತಿಂಗಳು, ಯಾವ ಹೊತ್ತು ಒಳ್ಳೆಯದು?

ಮಳೆಗಾಲ ಮುಗಿದು ಜಲಾಶಯ ತುಂಬಿರುವ ಅಕ್ಟೋಬರಿನಿಂದ ಜನವರಿಯವರೆಗೆ, ಬೆಳಗಿನ ಹೊತ್ತು. ಗಾಳಿ ಏಳುವ ಮುಂಚೆ ಹಿನ್ನೀರು ಕನ್ನಡಿಯಂತಿರುತ್ತದೆ.

ಬೇಸಿಗೆಯ ಮಾತು ಬೇರೆ. ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಸುತ್ತ ಬೇಸಿಗೆಯಲ್ಲಿ ನಡೆದಾಡಬಹುದು. ಹೇಮಾವತಿಯ ನೀರಿನಡಿಯಲ್ಲಿ ಊರುಗಳ ಗೋಡೆಗಳು, ಬಾವಿಕಟ್ಟೆಗಳು, ಮರದ ಬೊಡ್ಡೆಗಳು ಇನ್ನೂ ಇವೆ. ನವೆಂಬರಿನಲ್ಲಿ ದೋಣಿ ನಿರಾತಂಕವಾಗಿ ಓಡಿದ ಜಾಗದಲ್ಲೇ ಮಾರ್ಚಿನಲ್ಲಿ ಒಂದಡಿ ನೀರಿನ ಕೆಳಗೆ ಕಲ್ಲಿನ ಗೋಡೆ ಕಾದಿರಬಹುದು. ಅದಕ್ಕೆ ಬಡಿದರೆ ಪ್ರೊಪೆಲರ್ ಹೋಗುವುದು ಸಣ್ಣ ನಷ್ಟ, ಸವಾರನ ಕಾಲು ಹೋಗುವುದು ದೊಡ್ಡದು. ನೀರು ಇಳಿದಾಗ ನಡೆದು ಹೋಗಿ ನೆಲವನ್ನು ನೋಡಿಟ್ಟುಕೊಳ್ಳಿ, ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳಿ. ಹರಿಗೋಲಿನಲ್ಲಿ ಬಲೆ ಹಾಕುವ ಮೀನುಗಾರರಿಗೆ ಆ ತಳ ಅಂಗೈಗೆರೆಯಷ್ಟು ಪರಿಚಿತ. ಅವರನ್ನು ಕೇಳಿ, ಅವರ ಬಲೆಗಳಿಂದ ದೂರವಿರಿ.

ದೋಣಿಯಲ್ಲಿ ಎಷ್ಟು ಜನ ಇರಬೇಕು?

ಕನಿಷ್ಠ ಇಬ್ಬರು. ಒಬ್ಬರು ಮುಂದೆ ನೋಡಿಕೊಂಡು ನಡೆಸಬೇಕು, ಇನ್ನೊಬ್ಬರು ಸವಾರನ ಮೇಲಿನ ಕಣ್ಣು ತೆಗೆಯಬಾರದು. ನಡೆಸುವವರು ಕಿಲ್ ಸ್ವಿಚ್ಚಿನ ದಾರವನ್ನು ಮಣಿಕಟ್ಟಿಗೋ ಜಾಕೆಟ್ಟಿಗೋ ಸಿಕ್ಕಿಸಿಕೊಂಡಿರಬೇಕು. ಅವರು ನೀರಿಗೆ ಬಿದ್ದರೆ ಆ ದಾರ ಕಳಚಿ ಎಂಜಿನ್ ನಿಲ್ಲುತ್ತದೆ. ಸವಾರ ಬಿದ್ದಾಗ ಅವನನ್ನು ನಡೆಸುವವರ ಪಕ್ಕಕ್ಕೆ ಬರುವಂತೆ ದೋಣಿ ತಿರುಗಿಸಿ, ಅವನು ದೋಣಿ ಹತ್ತುವ ಮುಂಚೆ ಎಂಜಿನ್ನನ್ನು ಪೂರ್ತಿ ಆರಿಸಿ. ನ್ಯೂಟ್ರಲ್‌ನಲ್ಲಿ ಇಟ್ಟರೆ ಸಾಲದು.

ಮಳೆಗಾಲದಲ್ಲಿ ದೋಣಿಯನ್ನು ಹೇಗೆ ಇಡಬೇಕು?

ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ನಮ್ಮ ಮಲೆನಾಡಿನ ಜಡಿಮಳೆಯಲ್ಲಿ ತೇವಕ್ಕೆ ಬರವಿಲ್ಲ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನ ತಳದಲ್ಲಿ ನೀರು ಮತ್ತು ಎಥನಾಲ್ ಪೆಟ್ರೋಲಿನಿಂದ ಬೇರೆಯಾಗಿ ನಿಲ್ಲುತ್ತವೆ. ಹಳೆಯ ಎಂಜಿನ್ನಿನ ರಬ್ಬರ್ ಕೊಳವೆಗಳು ಮೆತ್ತಗಾಗಿ ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಮೇ ಕೊನೆಯೊಳಗೆ ಟ್ಯಾಂಕ್ ಮತ್ತು ಕಾರ್ಬುರೇಟರನ್ನು ಬರಿದು ಮಾಡಿ, ಗೇರ್ ಎಣ್ಣೆ ಬದಲಿಸಿ, ಬ್ಯಾಟರಿ ಕಳಚಿ ಮನೆಯೊಳಗಿಡಿ. ದೋಣಿಯ ತಳದ ನೀರಿನ ಬಿರಡೆ ತೆಗೆದು, ಮೂತಿ ತುಸು ಮೇಲಿರುವಂತೆ ಮಾಡಿನ ಕೆಳಗೆ ನಿಲ್ಲಿಸಿ. ಎಂಜಿನ್ ನೆಟ್ಟಗೆ ನಿಂತಿರಲಿ, ಮೇಲಕ್ಕೆ ಬಾಗಿಸಿಟ್ಟರೆ ಒಳಗೆ ನೀರು ನಿಲ್ಲುತ್ತದೆ. ತೆಗೆದ ಬಿರಡೆಯನ್ನು ಸ್ಟೀರಿಂಗಿಗೆ ದಾರದಲ್ಲಿ ಕಟ್ಟಿ ತೂಗುಹಾಕಿ. ಅಕ್ಟೋಬರಿನಲ್ಲಿ ದೋಣಿ ಇಳಿಸುವ ಸಂಭ್ರಮದಲ್ಲಿ ಅದನ್ನು ಹಾಕಲು ಮರೆಯುವವರೇ ಹೆಚ್ಚು.